ಪೊರೆಯೊಡನೆ ಪೊರೆಯ ಸಂಲಯನ

ಜೀವಕೋಶವನ್ನು ಆವರಿಸಿರುವ ಮೇದಸ್ಸಿನ ಪೊರೆಯು ಅಣುಗಳ ಎರಡೇ ಪದರಗಳಿಂದಾದುದೆಂಬುದನ್ನು ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡಲ್ ಎಂಬ ವಿಜ್ಞಾನಿಗಳು 1925ರಲ್ಲಿ ರಕ್ತಕಣಗಳ ಪರೀಕ್ಷೆಯಿಂದ ಪ್ರತಿಪಾದಿಸಿದರು. ಕೇವಲ 4-5 ನ್ಯಾನೊಮೀಟರ್ ದಪ್ಪದ ಈ ಪೊರೆಯು ಸುಲಭವಾಗಿ ಬಾಗುವುದಾದರೂ, ಅದರ ಅಣುಗಳ ಜಲಪ್ರಿಯ ಶಿರೋಭಾಗಗಳು ನೀರನ್ನು ಬಿಗಿಹಿಡಿದಿರುವ ಕಾರಣದಿಂದ, ಎರಡು ಪೊರೆಗಳು ಅತಿ ಸಮೀಪಕ್ಕೆ ಬಂದೊಡನೆ ಅವುಗಳ ನಡುವೆ ಪ್ರಬಲವಾದ ವಿಕರ್ಷಣೆಯು ತಲೆದೋರುತ್ತದೆ.

ಈ ಪ್ರತಿರೋಧವನ್ನು ಜೀವವು ಜಯಿಸುವ ಬಗೆಯು ನರತಂತುವಿನ ತುದಿಯಲ್ಲಿ ಅತ್ಯಂತ ಸ್ಫುಟವಾಗಿ ಗೋಚರಿಸುತ್ತದೆ. ಅಲ್ಲಿ, ನರಸಂದೇಶದ ರಾಸಾಯನಿಕವನ್ನು ತುಂಬಿಕೊಂಡು ಕಾದಿರುವ, ಸುಮಾರು 40 ನ್ಯಾನೊಮೀಟರ್ ವ್ಯಾಸದ ಪುಟ್ಟ ಚೀಲದ ಪೊರೆಯಲ್ಲಿರುವ ಸ್ನೇರ್ ಎಂಬ ಪ್ರೋಟೀನು, ಕೋಶಪೊರೆಯಲ್ಲಿ ನೆಲೆಸಿರುವ ಸ್ನೇರ್ ಪ್ರೋಟೀನುಗಳೊಡನೆ ಹಗ್ಗದ ಎಳೆಗಳಂತೆ ಹೊಸೆದುಕೊಂಡು, ಪೊರೆಗಳೆರಡನ್ನೂ ಬಲವಾಗಿ ಸೆಳೆದು ತರುತ್ತದೆ; ಮೊದಲು ಪರಸ್ಪರ ಎದುರಾದ ಪದರಗಳು ಬೆರೆತು, ತರುವಾಯ ಉಳಿದೆರಡು ಪದರಗಳೂ ಒಂದಾಗಿ, ಸೂಕ್ಷ್ಮರಂಧ್ರವೊಂದು ತೆರೆಯುವುದೆಂದು ತಿಳಿಯಲಾಗಿದೆ. ನರತಂತುವಿನ ತುದಿಯೊಳಕ್ಕೆ ಕ್ಯಾಲ್ಸಿಯಂ ಹೊಕ್ಕ ಬಳಿಕ ಒಂದು ಮಿಲಿಸೆಕೆಂಡಿಗಿಂತಲೂ ಅಲ್ಪಕಾಲದಲ್ಲಿ ಜರುಗಬಲ್ಲ ಈ ಕ್ರಿಯೆಯನ್ನು ಜೀವಲೋಕದ ಪರಮಾದ್ಭುತಗಳಲ್ಲಿ ಎಣಿಸುವುದು ಅತಿಶಯೋಕ್ತಿಯಾಗಲಾರದು. ನಮ್ಮ ಪ್ರತಿಯೊಂದು ಚಲನೆಯೂ ಇದನ್ನು ಅವಲಂಬಿಸಿದೆ.

ಜೀವಕೋಶದಲ್ಲಿ ಇಂತಹ ಚೀಲಗಳ ಸಂಚಾರದ ನಿಯಮಗಳನ್ನು ಬೆಳಕಿಗೆ ತಂದುದಕ್ಕಾಗಿ ಜೇಮ್ಸ್ ರಾಥ್‌ಮನ್, ರ‍್ಯಾಂಡಿ ಷೆಕ್‌ಮನ್ ಹಾಗೂ ಥಾಮಸ್ ಸ್ಯೂಡ್‌ಹಾಫ್ ಅವರಿಗೆ 2013ರ ನೊಬೆಲ್ ವೈದ್ಯಶಾಸ್ತ್ರ ಪಾರಿತೋಷಕವು ಸಂದಿತು.