ಸ್ಥೂಲಕಾಯ: ಮಂಡ್ಯ, ಮದ್ದೂರು, ಮಳವಳ್ಳಿ

ದೇಹದಲ್ಲಿ ಕೊಬ್ಬು ಮಿತಿಮೀರಿ ಶೇಖರವಾಗುವ ಸ್ಥಿತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಸುಮಾರು 30% ಮಂದಿ ಅಧಿಕ ತೂಕದವರು.

ಮಂಡ್ಯ ಸೀಮೆಯಲ್ಲಿ ಇದರ ಕಾರಣ ಹುಡುಕುವವರು ನೀರಿನಿಂದ ಶುರುಮಾಡಬೇಕು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಮುಗಿದು, ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ ಬರುವ ಮೊದಲು ಇಲ್ಲಿ ಹೆಚ್ಚಿನದು ರಾಗಿ, ಹುರುಳಿ, ಅವರೆ ಬೆಳೆಯುವ ಬೆದ್ದಲು. ನಾಲೆಯ ಹಿಂದೆಯೇ ಭತ್ತ, ಕಬ್ಬು ಬಂದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಹಬ್ಬದ ಅನ್ನ ನಿತ್ಯದ ಊಟವಾಯಿತು. ಆದರೂ ಮುದ್ದೆ, ಬಸ್ಸಾರು, ಉಪ್ಸಾರು ಮರೆಯಾಗಲಿಲ್ಲ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯ ರೂಪಿಸಿದ ಇಂಡಾಫ್ ತಳಿಗಳು ರಾಗಿಯ ಇಳುವರಿಯನ್ನೂ ಏರಿಸಿದವು. ಮುದ್ದೆಯೊಂದೇ ಮೈ ಇಳಿಸುತ್ತದೆಂಬ ಮಾತು ಅತಿಶಯ: ರಾಗಿಯೂ ಪಿಷ್ಟವೇ. ಉಂಡವರ ಮೈ ಕರಗಿಸಿದ್ದು ಗುದ್ದಲಿ, ನೇಗಿಲು, ನಡಿಗೆ. ಟ್ರ್ಯಾಕ್ಟರ್, ಟಿಲ್ಲರ್, ಬೈಕು ಬಂದ ಮೇಲೆ ದುಡಿಮೆ ಇಳಿಯಿತು; ತಟ್ಟೆ ಇಳಿಯಲಿಲ್ಲ. ಬೇಕರಿ ತಿಂಡಿ, ಕರಿದ ಪದಾರ್ಥ, ಸಿಹಿ ಪಾನೀಯ ಜೊತೆಗೂಡಿದವು. (ಮದ್ದೂರು ವಡೆಯನ್ನು ದೂರುವುದು ಸುಲಭ, ಆದರೆ ಅದು ಬಹುಪಾಲು ಪ್ರಯಾಣಿಕರ ತಿಂಡಿ.)

ಊಟ ಹೀಗೆ ಬದಲಾದದ್ದು ಇಲ್ಲಿ ಮಾತ್ರವಲ್ಲ. ಪೆಸಿಫಿಕ್‌ನ ನೌರು ದ್ವೀಪದಲ್ಲಿ ಫಾಸ್ಫೇಟ್ ಗಣಿಯ ಹಣ ಹರಿದಾಗ ಮೀನು, ತೆಂಗಿನ ಜಾಗಕ್ಕೆ ಆಮದಾದ ಅಕ್ಕಿ, ಸಕ್ಕರೆ, ಡಬ್ಬಿಯ ಮಾಂಸ ಬಂದವು. ಮಂಡ್ಯದಲ್ಲಾದರೋ ಅಕ್ಕಿ, ಸಕ್ಕರೆ ಸ್ವಂತ ಗದ್ದೆಯವು. ಊಟದ ಜೊತೆಗೆ ವಂಶವಾಹಿಗಳ ಮಾತೂ ಇದೆ: ಬರಗಾಲಕ್ಕೆ ಒಗ್ಗಿದ ವಂಶವಾಹಿಗಳೇ ಕೊಬ್ಬು ಕೂಡಿಡುತ್ತವೆಂದು 1962ರಲ್ಲಿ ತಳಿವಿಜ್ಞಾನಿ ಜೇಮ್ಸ್ ನೀಲ್ ಮಂಡಿಸಿದ ಊಹೆ ಇನ್ನೂ ವಿವಾದಾಸ್ಪದ. ದಕ್ಷಿಣ ಏಷ್ಯಾದವರಲ್ಲಿ ತೂಕ ಹೆಚ್ಚಿಲ್ಲದಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರುವುದುಂಟು. ಆದ್ದರಿಂದ ಸೊಂಟದ ಸುತ್ತಳತೆ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಅಪಾಯವೆಂದು ಗಣಿಸಲಾಗುತ್ತದೆ.