ಕೊನೆಯ ಬೈಕು

ಪುಣೆಯಿಂದ ಭೋರ್ ದಾಟಿ ವರಂಧ ಘಾಟಿನತ್ತ ಹೊರಟ ಬೈಕುಗಳ ಸಾಲಿನಲ್ಲಿ ಹಳೆಯ ಯೆಜ್ಡಿ ಕಂಡರೆ ಮೈಸೂರಿನವರ ಕಣ್ಣು ಅಲ್ಲೇ ನಿಲ್ಲುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕ್ ವಿನ್ಯಾಸದ ಜಾವಾ ತಯಾರಿಸತೊಡಗಿತು. ಯೆಜ್ಡಿ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಅದು ಟೂ-ಸ್ಟ್ರೋಕ್ ಗಾಡಿ, ಎಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನ ಹಿಡಿತದಲ್ಲೇ ಇಳಿದರೆ ಆಯಿಲ್ ಸಾಲದೆ ಪಿಸ್ಟನ್ ಹಿಡಿದುಕೊಳ್ಳುವ ಭಯ. ಹಿಂದಿರುವ ಫೋರ್-ಸ್ಟ್ರೋಕ್‌ಗೆ ಆ ಚಿಂತೆಯಿಲ್ಲ. ಹಾಗಾಗಿ ನಿಧಾನ ಇಳಿಯುವವನೆಲ್ಲ ಹೊಸಬನಲ್ಲ.

ಅಂದು ದಾರಿಬದಿಯಲ್ಲಿ ಪ್ಲಗ್ ಉಜ್ಜಲು ಬಾರದವನು ಕಚ್ಚಾ ದಾರಿಗೆ ಇಳಿಯುತ್ತಲೇ ಇರಲಿಲ್ಲ. 2016ರಲ್ಲಿ ಹಿಮಾಲಯನ್, 2019ರಲ್ಲಿ ಎಕ್ಸ್‌ಪಲ್ಸ್ ಬಂದ ಮೇಲೆ ನಿನ್ನೆ ಬೈಕು ಕೊಂಡವನೂ ಇಂದು ಕೆಸರಿನಲ್ಲಿರಬಹುದು. ಒಳ್ಳೆಯದೇ, ಆದರೆ ಗುಂಪಿನ ಜವಾಬ್ದಾರಿ ಹೆಚ್ಚಿತು. ದಾರಿ ಬಲ್ಲವನು ಮುಂದೆ, ರಿಪೇರಿ ಬಲ್ಲವನು ಕೊನೆಗೆ. ಪ್ರತಿಯೊಬ್ಬನೂ ತನ್ನ ಹಿಂದಿನವನು ಕನ್ನಡಿಯಲ್ಲಿ ಕಾಣುವ ತನಕ ಕವಲಿನಲ್ಲಿ ನಿಲ್ಲಬೇಕು.

ಎಲ್ಲರೂ ತಪ್ಪುವುದು ಆಮೇಲೆ. ಮುಂದಿನವರು ಕಾಲು ಗಂಟೆ ಕೂತು, ಕೊನೆಯವನು ಬಂದೊಡನೆ ಹೊರಟುಬಿಡುತ್ತಾರೆ. ಹೆಚ್ಚು ದಣಿದವನಿಗೇ ವಿಶ್ರಾಂತಿಯಿಲ್ಲ. ಬೀಳುವವನೂ ಹೆಚ್ಚಾಗಿ ಅವನೇ. ಅವನು ಹೆಲ್ಮೆಟ್ ತೆಗೆದು, ನೀರು ಕುಡಿದು, ಹೋಗೋಣ ಎಂದ ಮೇಲೆ ಕಿಕ್ ಹೊಡೆಯಿರಿ.