ಕ್ಲಿಪ್‌ಬೋರ್ಡ್: ಅಪ್ಪುಗೆಯಿಂದ 1004ರವರೆಗೆ

ತಲೆಗೂದಲಿಗೆ ಸಿಕ್ಕಿಸುವುದೂ ಕ್ಲಿಪ್ಪು, ವಾಟ್ಸ್‌ಆ್ಯಪ್‌ನಲ್ಲಿ ಬಂದು ಬೀಳುವ ವಿಡಿಯೊ ತುಣುಕೂ ಕ್ಲಿಪ್ಪು. ನಮಗೆ ಎರಡೂ ಒಂದೇ ಪದ. ಇಂಗ್ಲಿಷಿನಲ್ಲಿ ಮಾತ್ರ ಇವುಗಳ ಬೇರು ಬೇರೆಬೇರೆ. ಮೊದಲನೆಯದು ಹಳೆಯ ಇಂಗ್ಲಿಷಿನ ‘ಕ್ಲಿಪ್ಪನ್’ ಎಂಬ ಕ್ರಿಯಾಪದದ ಸಂತಾನ. ಅಪ್ಪಿಕೊಳ್ಳು, ತಬ್ಬು ಎಂದು ಅದರ ಅರ್ಥ. ಎರಡನೆಯದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ‘ಕ್ಲಿಪ್ಪಾ’ದಿಂದ ಬಂದದ್ದು, ಅರ್ಥ, ಕತ್ತರಿಸು. ಪತ್ರಿಕೆಯ ಕ್ಲಿಪ್ಪಿಂಗ್ ಈ ಕತ್ತರಿಯ ಮನೆತನದ್ದು. ಕ್ಲಿಪ್‌ಬೋರ್ಡ್ ಅಪ್ಪುಗೆಯ ಮನೆತನದ್ದು: ಕಾಗದವನ್ನು ಬಿಗಿಯಾಗಿ ಹಿಡಿದಿಡುವ ಹಲಗೆ.

ಆ ಹಲಗೆ ನಮ್ಮಲ್ಲೂ ಇತ್ತು. ಪರೀಕ್ಷೆಗೆ ಹೊರಟ ಮಕ್ಕಳು ಕಂಕುಳಲ್ಲಿ ಇರುಕಿಕೊಳ್ಳುವ ‘ಪ್ಯಾಡು’ ಅದೇ. ಹೆಸರು ಬೇರೆಯಾದ್ದರಿಂದ, ನಮ್ಮಲ್ಲಿ ಬಹುಪಾಲು ಜನರಿಗೆ ‘ಕ್ಲಿಪ್‌ಬೋರ್ಡ್’ ಎಂಬ ಪದ ಪರಿಚಯವಾದದ್ದು ಕಂಪ್ಯೂಟರಿನಿಂದಲೇ.

ಕಂಪ್ಯೂಟರಿಗೆ ಅದು ಬಂದದ್ದು ಸಂಪಾದಕರ ಮೇಜಿನಿಂದ. 1970ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್, ಪಠ್ಯಪುಸ್ತಕ ಪ್ರಕಾಶನದವರಿಗಾಗಿ ‘ಜಿಪ್ಸಿ’ ಎಂಬ ತಂತ್ರಾಂಶ ರೂಪಿಸಿದರು. ಕತ್ತರಿ, ಗೋಂದು ಹಿಡಿದು ಹಸ್ತಪ್ರತಿ ತಿದ್ದುತ್ತಿದ್ದವರ ಕೆಲಸವೇ ಅಲ್ಲಿ ಕಟ್, ಪೇಸ್ಟ್ ಆಯಿತು. ಕತ್ತರಿಸಿದ್ದು ಅಂಟಿಸುವ ತನಕ ಎಲ್ಲಿರಬೇಕು? 1983ರಲ್ಲಿ ಬಂದ ಆಪಲ್‌ನ ಲಿಸಾ ಕಂಪ್ಯೂಟರಿನಲ್ಲಿ ಆ ಜಾಗದ ಹೆಸರು ಕ್ಲಿಪ್‌ಬೋರ್ಡ್. ಆಮೇಲೆ ಮ್ಯಾಕಿಂತೋಷ್, ವಿಂಡೋಸ್ ಕೂಡ ಅದೇ ಹೆಸರು ಹಿಡಿದವು.

ಪದದ ಅರ್ಥ ಇಲ್ಲಿ ಕಿರಿದಾಯಿತು. ಮರದ ಹಲಗೆ ಹತ್ತಾರು ಹಾಳೆಗಳನ್ನು ಹಿಡಿಯುತ್ತಿತ್ತು; ಈ ಹಲಗೆಯಲ್ಲಿ ಹೊಸದು ಬಂದರೆ ಹಳೆಯದು ಹೋಯಿತು. ಸಾಲದ್ದಕ್ಕೆ ಇದು ಯಾವ ಒಂದು ತಂತ್ರಾಂಶದ ಸ್ವತ್ತೂ ಅಲ್ಲ. ವಿಂಡೋಸ್‌ನಲ್ಲಿ ಒಂದು ತಂತ್ರಾಂಶ ಕ್ಲಿಪ್‌ಬೋರ್ಡನ್ನು ತೆರೆದುಕೊಂಡಿದ್ದರೆ, ಅದು ಮುಚ್ಚುವ ತನಕ ಇನ್ನೊಂದಕ್ಕೆ ಪ್ರವೇಶವಿಲ್ಲ.

ಎಕ್ಸೆಲ್‌ನಲ್ಲಿ ಕೆಲಸವನ್ನು ತಾನಾಗಿ ಮಾಡಿಸುವ ಆದೇಶಗಳ ಪಟ್ಟಿ, ಅಂದರೆ ಮ್ಯಾಕ್ರೊ, ಎಡವುವುದು ಇಲ್ಲೇ. ‘ರನ್‌ಟೈಮ್ ಎರರ್ 1004, ಪೇಸ್ಟ್‌ಸ್ಪೆಷಲ್ ಮೆಥಡ್ ಆಫ್ ರೇಂಜ್ ಕ್ಲಾಸ್ ಫೇಲ್ಡ್’ ಎಂಬ ಸಂದೇಶ ಲೆಕ್ಕಪತ್ರದವರಿಗೆಲ್ಲ ಗೊತ್ತು. ಕ್ಲಿಪ್‌ಬೋರ್ಡಿಗೆ ಸಂಬಂಧಿಸಿದ ಮುಖ್ಯ ಕಾರಣಗಳು ಎರಡು. ಕಾಪಿ ಮಾಡಿದ ಕೋಶಗಳ ಸುತ್ತ ಚುಕ್ಕೆಗಳ ಗೆರೆ ಓಡುತ್ತಿರುತ್ತದಲ್ಲ, ಅದು ಇರುವಷ್ಟು ಹೊತ್ತೇ ಎಕ್ಸೆಲ್‌ಗೆ ಕಾಪಿಯ ನೆನಪು. ಕಾಪಿ ಮತ್ತು ಪೇಸ್ಟ್ ನಡುವೆ ಮ್ಯಾಕ್ರೊ ಇನ್ನಾವುದೋ ಕೋಶದಲ್ಲಿ ದಿನಾಂಕ ಬರೆಯಿತೆಂದರೆ ಗೆರೆ ಮಾಯ. ಅಂಟಿಸಲು ಏನೂ ಉಳಿದಿಲ್ಲ. ಕಾಪಿಯ ಸಾಲಿನ ಬೆನ್ನಿಗೇ ಪೇಸ್ಟ್ ಸಾಲು ಇಟ್ಟರೆ ಇದು ಸರಿಹೋಗುತ್ತದೆ.

ಎರಡನೆಯದು ಹಿಡಿಯಲು ಕಷ್ಟ. ರಿಮೋಟ್ ಡೆಸ್ಕ್‌ಟಾಪ್, ಕ್ಲಿಪ್‌ಬೋರ್ಡ್ ಮ್ಯಾನೇಜರ್ ಥರದವು ಏನಾದರೂ ಕಾಪಿಯಾದ ತಕ್ಷಣ ಅದನ್ನು ಓದಲು ಒಳನುಗ್ಗುತ್ತವೆ. ಅದೇ ಕ್ಷಣದಲ್ಲಿ ಮ್ಯಾಕ್ರೊ ಬಾಗಿಲು ತಟ್ಟಿದರೆ ಸಿಗುವುದು ಎರರ್. ಎಫ್8 ಒತ್ತುತ್ತ ಸಾಲುಸಾಲಾಗಿ ಓಡಿಸಿದರೆ ಮಾತ್ರ ಎಲ್ಲವೂ ಸುಸೂತ್ರ, ಏಕೆಂದರೆ ಬೆರಳು ತಡಮಾಡುವಷ್ಟರಲ್ಲಿ ಆ ತಂತ್ರಾಂಶ ಓದಿ ಮುಗಿಸಿರುತ್ತದೆ. ಒಂದೆರಡು ಕ್ಷಣ ಬಿಟ್ಟು ಮತ್ತೆ ಪ್ರಯತ್ನಿಸುವಂತೆ ಮ್ಯಾಕ್ರೊಗೆ ಹೇಳಬಹುದು. ಅದಕ್ಕಿಂತ ಮೇಲು, ಕ್ಲಿಪ್‌ಬೋರ್ಡಿನ ಗೊಡವೆಗೇ ಹೋಗದಿರುವುದು: ಅಂಕಿಗಳಷ್ಟೇ ಸಾಕೆಂದಾದರೆ ಒಂದು ರೇಂಜಿನ, ಎಂದರೆ ಕೋಶಗಳ ಗುಂಪಿನ, ವ್ಯಾಲ್ಯೂವನ್ನು ಇನ್ನೊಂದರ ವ್ಯಾಲ್ಯೂಗೆ ನೇರ ಸಮೀಕರಿಸಿದರಾಯಿತು.

ಹಾಗಿದ್ದರೂ ಅಷ್ಟೊಂದು ಮ್ಯಾಕ್ರೊಗಳು ಕ್ಲಿಪ್‌ಬೋರ್ಡನ್ನೇ ನೆಚ್ಚುವುದೇಕೆ? ಬಹಳಷ್ಟು ಮ್ಯಾಕ್ರೊಗಳು ಹುಟ್ಟುವುದು ಎಕ್ಸೆಲ್‌ನ ಮ್ಯಾಕ್ರೊ ರೆಕಾರ್ಡರಿನಲ್ಲಿ. ಅದು ನಾವು ಮಾಡಿದ್ದನ್ನೇ ಬರೆದುಕೊಳ್ಳುತ್ತದೆ: ಸೆಲೆಕ್ಟ್, ಕಾಪಿ, ಸೆಲೆಕ್ಟ್, ಪೇಸ್ಟ್. ಒಂದು ಹಾಳೆಯಿಂದ ಎತ್ತಿಕೊಂಡು ಇನ್ನೊಂದಕ್ಕೆ ಹೋಗುವಾಗ ಹಿಡಿದಿಡಲು ಹಲಗೆ ಬೇಕಾದದ್ದು ಮನುಷ್ಯರಿಗೆ. ಎರಡೂ ಹಾಳೆಗಳನ್ನು ಒಟ್ಟಿಗೇ ಮುಟ್ಟಬಲ್ಲ ಮ್ಯಾಕ್ರೊಗೆ ಆ ಚಟ ಅಂಟಿಸಿದವರು ನಾವೇ.